ಕವರ್ ಮೇಲಿನ ಚಿತ್ರ ಪ್ಲಾಸ್ಟಿಕ್‌ಗೆ ಅಂಟುತ್ತಿದೆ, ಏನು ಮಾಡಲಿ?

ಕಾರವಾರ_ಕವರ್: ಸಾಕಾಗಿ ಹೋಗಿದೆ. ಪ್ರತಿ ಮಳೆಗಾಲ ಇದೇ ಗೋಳು. ವಿಕ್ರಮಾದಿತ್ಯ ಯುದ್ಧನೌಕೆಯ ನೆನಪಿನ ಅಂಚೆ ಕವರ್ (ಚಿತ್ರ, ಮುದ್ರೆ ಇರುವ ಲಕೋಟೆ) ಹೊರಗೆ ತೆಗೆದರೆ ಹಡಗಿನ ನೀಲಿ ಚಿತ್ರ ಅರ್ಧ ಪ್ಲಾಸ್ಟಿಕ್‌ನಲ್ಲೇ ಉಳಿಯಿತು. ಹಿಂದೆ ಗೋಂದಿನ ಜಾಗದಲ್ಲಿ ಕಂದು ಚುಕ್ಕೆ. ದಯವಿಟ್ಟು ದಾರಿ ಹೇಳಿ.

ಅಂಕೋಲಾ_ಅಂಚೆ: ತೇವ. ಬೇರೇನೂ ಅಲ್ಲ. ಸಿಲಿಕಾ ಜೆಲ್ ಹಾಕಿ.

ಕಾರವಾರ_ಕವರ್: ಹಾಕಿದ್ದೇನೆ.

ಅಂಕೋಲಾ_ಅಂಚೆ: ಹರಳು ಗುಲಾಬಿ ಆಗಿದೆಯಾ? ಹಾಗಿದ್ರೆ ನೀರು ಕುಡಿದು ಮುಗಿದಿದೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಇಡಿ, ಮತ್ತೆ ನೀಲಿ ಆಗುತ್ತದೆ.

ಕಾರವಾರ_ಕವರ್: ನೀಲಿಯೇ ಇದೆ.

ಅಂಕೋಲಾ_ಅಂಚೆ: ಹಾಗಾದ್ರೆ ಸಾಲ್ತಾ ಇಲ್ಲ. ಜಾಸ್ತಿ ಹಾಕಿ. ಕಪಾಟು ಹೊರಗೋಡೆಗೆ ತಾಗಿದ್ರೆ ಈಚೆ ಎಳೆಯಿರಿ.

ಕುಮಟಾ_ಮುದ್ರೆ: ಅದಿರಲಿ, ಕವರ್ ಮೇಲೆ ಯಾವ ದಿನದ ಅಂಚೆ ಮುದ್ರೆ? 2013ರ ನವೆಂಬರ್ 16 ಇದ್ದು ಕಾರವಾರ ಅಂತಿದ್ರೆ ಸ್ವಲ್ಪ ನೋಡಿಕೊಳ್ಳಿ. ಆ ದಿನ ಹಡಗು ರಷ್ಯಾದ ಸೆವೆರೋದ್ವಿನ್ಸ್ಕ್‌ನಲ್ಲಿತ್ತು. ಇಲ್ಲಿಗೆ ಬಂದದ್ದು 2014ರ ಜನವರಿಯಲ್ಲಿ.

ಅಂಕೋಲಾ_ಅಂಚೆ: ಹಡಗು ಎಲ್ಲಿದ್ರೇನು? ಸೇವೆಗೆ ಸೇರಿದ ದಿನ ಅಂತ ಇಲ್ಲಿ ಮುದ್ರೆ ಹೊಡೆಸಬಾರದಾ?

ಕುಮಟಾ_ಮುದ್ರೆ: ಹೊಡೆಸಬಹುದು. ಆದ್ರೆ ಅದು ಹಡಗಿನಿಂದ ಬಂದ ಕವರ್ ಆಗೋದಿಲ್ಲ. ಎರಡಕ್ಕೂ ಒಂದೇ ಬೆಲೆ ಕೇಳೋದು ಸರಿಯಲ್ಲ.

ಶಿರಸಿ_ಸಂಗ್ರಹ: ಜೆಲ್ಲು, ಮುದ್ರೆ ಎರಡನ್ನೂ ಬಿಡಿ ಮಾರಾಯ್ರೆ. ಕಾರವಾರದವರೇ, ಕವರ್ ಹಾಕಿಟ್ಟದ್ದು ಯಾವ ಪ್ಲಾಸ್ಟಿಕ್‌ನಲ್ಲಿ? ಅದನ್ನೇ ಹೇಳಿಲ್ಲ ನೀವು.

ಕಾರವಾರ_ಕವರ್: ಸ್ಟೇಷನರಿ ಅಂಗಡಿಯ ಮೆತ್ತನೆಯ ಪಾರದರ್ಶಕ ಫೈಲ್. ಎಲ್ಲರೂ ಅದನ್ನೇ ಬಳಸೋದು ಅಲ್ವಾ?

ಶಿರಸಿ_ಸಂಗ್ರಹ: ಹೊಸ ರೇನ್‌ಕೋಟ್ ವಾಸನೆ ಬರುತ್ತದಾ? ಬಂದರೆ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಅದು ನಿಧಾನವಾಗಿ ಹೊರಬಂದು ಶಾಯಿಯನ್ನು ಕರಗಿಸುತ್ತದೆ. ಎಷ್ಟು ಜೆಲ್ ಇಟ್ಟರೂ ಅದು ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಚೀಲ ತರಿಸಿ. ನುಸಿಗುಳಿಗೆ ಇಟ್ಟಿದ್ದರೆ ಅದನ್ನೂ ತೆಗೆಯಿರಿ.

ಕಾರವಾರ_ಕವರ್: ವಾಸನೆ ಬರುತ್ತದೆ! ಈಗಾಗಲೇ ಅಂಟಿರುವುದನ್ನು ಬಿಡಿಸುವುದು ಹೇಗೆ?

ಶಿರಸಿ_ಸಂಗ್ರಹ: ಎಳೆಯಬೇಡಿ. ಫೈಲ್‌ನ ಅಂಚು ಕತ್ತರಿಸಿ, ಕವರ್ ಅಲ್ಲಾಡದ ಹಾಗೆ ಹಿಡಿದು ಪ್ಲಾಸ್ಟಿಕ್ಕನ್ನೇ ಹಿಂದಕ್ಕೆ ಮಡಚುತ್ತಾ ಬಿಡಿಸಿ. ಶಾಯಿ ಏಳೋದು ಕಂಡರೆ ಅಲ್ಲೇ ನಿಲ್ಲಿಸಿ. ಕಂದು ಚುಕ್ಕೆಗೆ ಬ್ಲೀಚ್ ಮುಟ್ಟಿಸಬೇಡಿ, ಕಾಗದವೇ ಹೋಗುತ್ತದೆ.

ಅಂಕೋಲಾ_ಅಂಚೆ: ಕಂದು ಚುಕ್ಕೆ ಮಾತ್ರ ತೇವದಿಂದಲೇ. ನಾನು ಮೊದಲೇ ಹೇಳಿದ್ದೆ.

ಕುಮಟಾ_ಮುದ್ರೆ: ನನ್ನ ಹತ್ರ 2001ರ ಮುಂಬೈ ಅಂತರರಾಷ್ಟ್ರೀಯ ನೌಕಾ ಪರಿಶೀಲನೆಯ ಕವರ್ ಇದೆ, 2016ರ ವಿಶಾಖಪಟ್ಟಣದ್ದೂ ಇದೆ. ಎಲ್ಲ ಪಾಲಿಯೆಸ್ಟರ್‌ನಲ್ಲಿ, ನೆಟ್ಟಗೆ ನಿಲ್ಲಿಸಿ ಇಟ್ಟದ್ದು. ಒಂದು ಚುಕ್ಕೆ ಇಲ್ಲ. ಫೋಟೋ ಹಾಕಲಾ?

ಕಾರವಾರ_ಕವರ್: ಫೋಟೋ ಆಮೇಲೆ ಹಾಕಿ ಸರ್. ಆ ಚೀಲ ಹುಬ್ಬಳ್ಳಿಯಲ್ಲಿ ಸಿಗುತ್ತದಾ?