ಜಾತ್ರೆಯಲ್ಲಿ ಎತ್ತಿಗೆ ಬಹುಮಾನ, ಶಾಲೆಯಲ್ಲಿ ಹುಡುಗನಿಗೆ ಏಟು?

ಅರಕಲಗೂಡು ಹುಡುಗ: ನಮ್ಮ ಮುತ್ತಾತ ಹೋಬಳಿ ಶಾಲೆಯಲ್ಲಿ ಓದಿದವರು. ರಾಮನಾಥಪುರದ ಷಷ್ಠಿ ಜಾತ್ರೆಗೆ ದನ ಹೊಡ್ಕೊಂಡು ಹೋದರೆ ಶಾಲೆಗೆ ಚಕ್ಕರ್. ವಾಪಸ್ ಬಂದರೆ ಮೇಷ್ಟ್ರ ಬೆತ್ತ. ಆದರೆ ಒಳ್ಳೆ ಎತ್ತಿಗೆ ಸರ್ಕಾರದವರೇ ಬಹುಮಾನ ಕೊಡ್ತಿದ್ರು ಅಂತ ಮನೆಯಲ್ಲಿ ಹೇಳ್ತಾರೆ. ಒಂದೇ ಸರ್ಕಾರಕ್ಕೆ ಎರಡು ಬುದ್ಧಿ ಹೇಗೆ?

ಅರಸೀಕೆರೆ ಮೇಷ್ಟ್ರು: ಎತ್ತು ಅವರಿಗೆ ಬೇಕಾಗಿತ್ತು ಮಾರಾಯ! ಅಮೃತಮಹಲ್ ಅನ್ನೋ ಸರ್ಕಾರಿ ಮಂದೆಯ ದನ ಹಾಲಿಗಲ್ಲ, ಫಿರಂಗಿ ಎಳೆಯೋಕೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆ ಮಂದೆಯೂ ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಮಾರಿದರು, 1866ರಲ್ಲಿ ಮತ್ತೆ ಕಟ್ಟಿದರು. ಅಜ್ಜಂಪುರದಲ್ಲಿ ಆ ತಳಿ ಈಗಲೂ ಇದೆ.

ಹೋಬಳಿ ಶಾಲೆ ಬಂದಿದ್ದು 1868ರಲ್ಲಿ, ಬಿ.ಎಲ್. ರೈಸ್ ಯೋಜನೆಯಿಂದ. ನಮ್ಮ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದರಲ್ಲ, ಅವರೇ. ಓದು, ಬರಹ, ಲೆಕ್ಕ ಹಳ್ಳಿಗೂ ಮುಟ್ಟಲಿ ಅಂತ. ಬೇಸಾಯ ಕಲಿಸೋ ಶಾಲೆ ಹೆಬ್ಬಾಳದಲ್ಲಿ ಶುರುವಾಗಿದ್ದು 1913ರಲ್ಲಿ. ನಡುವೆ 45 ವರ್ಷ, ನೋಡಿ.

ಜಾತ್ರೆಯಲ್ಲಿ ಕಲಿಯೋದೇನು ಕಡಿಮೆಯಾ? ನಾನು ಹುಡುಗನಾಗಿದ್ದಾಗ ಅಪ್ಪ ಹೋರಿಯ ಕೆಳತುಟಿ ಕೆಳಗೆಳೆದು ನನ್ನ ಕೈಲೇ ಹಲ್ಲು ಎಣಿಸೋರು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂದರೆ ಎಲ್ಲಾ ಹಲ್ಲೂ ಬಂದಿದ್ದು. ಆಮೇಲೆ ಮೈಮೇಲಿನ ಸುಳಿ ಎಲ್ಲಿದೆ ಅಂತ ಹುಡುಕಬೇಕು. ವ್ಯಾಪಾರ ಮಾತ್ರ ಟವೆಲ್ ಒಳಗೆ, ಬೆರಳು ಹಿಡಿದು. ಪಕ್ಕದಲ್ಲಿ ನಿಂತವನಿಗೂ ದರ ಗೊತ್ತಾಗಬಾರದು. ಸುಳಿ ವಿಷಯ ಸುಮ್ನೆ ನಂಬಿಕೆ ಅಂತ ನನ್ನ ಲೆಕ್ಕ. ಆದರೆ ಹಲ್ಲು ನೋಡಿ ವಯಸ್ಸು ಹೇಳೋದು ಪಕ್ಕಾ ವಿದ್ಯೆ. ಯಾವ ಪಾಠದಲ್ಲೂ ಅದು ಇರಲಿಲ್ಲ.

ಕಡೂರು ಗೌರಿ: ಮೇಷ್ಟ್ರೇ, ಶಾಲೆಯನ್ನು ಅಷ್ಟು ತೆಗಳಬೇಡಿ. ನಮ್ಮ ದೊಡ್ಡಪ್ಪನ ಹೈಸ್ಕೂಲ್ ಖರ್ಚಿಗೆ ಅಜ್ಜ ಒಂದು ಜೊತೆ ಹಳ್ಳಿಕಾರ್ ಹೋರಿ ಮಾರಿದ್ದರು. ದೊಡ್ಡಪ್ಪ ಗುಮಾಸ್ತರಾದರು, ಮನೆಗೆ ತಿಂಗಳ ಸಂಬಳ ಬಂತು. ಮಳೆ ಕೈಕೊಟ್ಟ ವರ್ಷ ಅದೇ ಅನ್ನ ಹಾಕಿತು. ಹೆಣ್ಣುಮಕ್ಕಳಿಗೆ ಆಗ ಜಾತ್ರೆಯಲ್ಲೂ ಹಲ್ಲು ತೋರಿಸಲಿಲ್ಲ, ಶಾಲೆಗೂ ಕಳಿಸಲಿಲ್ಲ. ಅದನ್ನೂ ಬರೀರಿ.

ಅರಸೀಕೆರೆ ಮೇಷ್ಟ್ರು: ಒಪ್ಪಿದೆ ತಾಯಿ. ನಾನೂ ಸಂಬಳ ತಿಂದವನೇ. ನನ್ನ ಸಿಟ್ಟು ಆ ಬೆತ್ತದ ಮೇಲೆ ಅಷ್ಟೇ. ಷಷ್ಠಿಗೆ ನಾಲ್ಕು ದಿನ ರಜೆ ಕೊಟ್ಟಿದ್ದರೆ ಗಂಟೇನು ಹೋಗ್ತಿತ್ತು? ಅರಕಲಗೂಡು ತಮ್ಮಾ, ನಿಮ್ಮೂರ ಶಾಲೆಯಲ್ಲಿ ಹಳೇ ಹಾಜರಿ ಪುಸ್ತಕ ಉಳಿದಿದ್ದರೆ ಮಾರ್ಗಶಿರದ ಪುಟ ತೆಗೆದು ನೋಡಪ್ಪ. ಎಷ್ಟು ಜನ ಗೈರು ಅಂತ ಇಲ್ಲಿ ಹಾಕು.