ಸಹಾಯ ಬೇಕು: ಕ್ಲೌಡ್ ಸಂಗ್ರಹದ ಆ್ಯಪ್‌ನಲ್ಲಿ ಕನ್ನಡ ಹೆಸರಿನ ಕಡತಗಳು

ಸ್ನೇಹಿತರೆ, ನಮಸ್ಕಾರ. ಅಜ್ಜನ ಕೈಬರಹದ ಪುಟಗಳನ್ನು ಸ್ಕ್ಯಾನ್ ಮಾಡಿ, ಕನ್ನಡದಲ್ಲೇ ಹೆಸರಿಟ್ಟು ಕ್ಲೌಡ್ ಸಂಗ್ರಹಕ್ಕೆ ಸೇರಿಸುತ್ತಿದ್ದೇವೆ. ನನ್ನದು ವಿಂಡೋಸ್, ತಂಗಿಯದು ಹಳೆಯ ಮ್ಯಾಕ್, ತಮ್ಮನದು ಲಿನಕ್ಸ್.

ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ‘ಕೋಲಾರ’ ಎಂಬ ಒಂದೇ ಫೋಲ್ಡರ್ ಎರಡಾಗಿ ಕಾಣುತ್ತಿದೆ! ಅಕ್ಷರಗಳಿಗೆ ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಕೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಮ್ಯಾಕ್‌ನ ಕಡತ ವ್ಯವಸ್ಥೆ ಅದನ್ನು ಒಡೆದೇ ಉಳಿಸುತ್ತದೆ. ಕಣ್ಣಿಗೆ ಒಂದೇ ಹೆಸರು, ಆ್ಯಪ್‌ಗೆ ಎರಡು. ಇದನ್ನು ಸರಿಪಡಿಸುವ ಕೆಲಸ ಬಳಕೆದಾರರದ್ದಲ್ಲ, ಆ್ಯಪ್‌ನದ್ದು.

ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 85 ಸಂಕೇತಕ್ಕೆ ಜಾಗ ಮುಗಿಯಿತು. ಒತ್ತು, ಗುಣಿತಗಳೂ ಇದರಲ್ಲೇ ಸೇರಬೇಕು. ಉದ್ದ ಹೆಸರಿನ ಕಡತಗಳು ತಮ್ಮನಿಗೆ ತಲುಪುವುದೇ ಇಲ್ಲ, ಆ್ಯಪ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಹೋಲಿಸುವ ಮೊದಲು ಹೆಸರುಗಳನ್ನು ಒಂದೇ ರೂಪಕ್ಕೆ ತನ್ನಿ, ತಲುಪದ ಕಡತಗಳ ಪಟ್ಟಿ ತೋರಿಸಿ ಎಂದು ತಯಾರಕರಿಗೆ ಬರೆಯುತ್ತಿದ್ದೇನೆ. ನಿಮಗೂ ಹೀಗಾಗಿದ್ದರೆ ಯಾವ ಗಣಕ, ಯಾವ ಕೀಲಿಮಣೆ ತಂತ್ರಾಂಶ, ಯಾವ ಹೆಸರು ಎಂದು ದಯವಿಟ್ಟು ತಿಳಿಸಿ, ಉದಾಹರಣೆಗಳನ್ನು ಸೇರಿಸುತ್ತೇನೆ. ಎರಡಾದ ಫೋಲ್ಡರ್‌ಗಳನ್ನು ಒಂದು ಪುಟವೂ ಕಳೆದುಹೋಗದಂತೆ ಕೂಡಿಸುವ ದಾರಿ ಗೊತ್ತಿದ್ದವರು ಮೊದಲು ಅದನ್ನೇ ಹೇಳಿ. ಅಲ್ಲಿಯವರೆಗೆ ಯಾವುದನ್ನೂ ಅಳಿಸುವ ಧೈರ್ಯ ನನಗಿಲ್ಲ.