‘ಎರಡು ಕೈ ಎಸೆತ’ಕ್ಕೆ ಸರಿಯಾದ ಮಾತು ಯಾವುದು?

ಗೆಳೆಯರೇ,

ಸ್ವೀಡನ್ನಿನ ಎರಿಕ್ ಲೆಮ್ಮಿಂಗ್ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಆತ 1880ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಹುಟ್ಟಿದವನು. 1906ರ ಅಥೆನ್ಸ್, 1908ರ ಲಂಡನ್, 1912ರ ಸ್ಟಾಕ್‌ಹೋಮ್, ಮೂರೂ ಕಡೆ ಈಟಿ ಎಸೆತದ ಚಿನ್ನ ಆತನದೇ. (ಅಥೆನ್ಸಿನದನ್ನು ಈಗ ಒಲಿಂಪಿಕ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆ ತಕರಾರು ಬೇರೆ.)

ಈಟಿನಾ ಭರ್ಜಿನಾ ಅಂತ ಇಲ್ಲಿ ಕೇಳುತ್ತಿಲ್ಲ. ಈಟಿ ತಮಿಳು, ತೆಲುಗಿನಲ್ಲೂ ಇರುವ ಮಾತು. ಭರ್ಜಿ ಹಿಂದಿಯ ಬರ್ಛಿಯ ನೆಂಟ. ನನಗೆ ಈಟಿ ಸಾಕು.

ನಾನು ಸಿಕ್ಕಿಹಾಕಿಕೊಂಡಿರುವುದು 1912ರ ಇನ್ನೊಂದು ಸ್ಪರ್ಧೆಯಲ್ಲಿ. ಮೊದಲು ಬಲಗೈಯಲ್ಲಿ ಎಸೆಯಬೇಕು, ಆಮೇಲೆ ಎಡಗೈಯಲ್ಲಿ. ಎರಡರ ದೂರ ಕೂಡಿಸಿ ಲೆಕ್ಕ. ಇದನ್ನು ‘ಎರಡು ಕೈ ಈಟಿ ಎಸೆತ’ ಎಂದು ಬರೆದಿದ್ದೆ. ಕರಡು ಓದಿದ ನನ್ನ ತಂಗಿ ಮೂಲೆಯಲ್ಲಿದ್ದ ಕಡ್ಡಿಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲಕ್ಕೆ ಎತ್ತಿ, "ಹೀಗಾ?" ಅಂದಳು. ತಪ್ಪು ಅವಳದಲ್ಲ ಅಲ್ವಾ?

‘ಎಡಗೈ ಬಲಗೈ ಎಸೆತ’ ಅನ್ನೋಣವೆಂದರೆ, ನಮ್ಮ ಪತ್ರಿಕೆ ಓದುವವರಿಗೆ ಎಡಗೈ ಬಲಗೈ ಅಂದ ಕೂಡಲೇ ಒಳಮೀಸಲಾತಿ ಸುದ್ದಿಯೇ ನೆನಪಾಗುತ್ತದೆ. ‘ಎಡಬಲ ಎಸೆತ’ ಅಂದರೆ ಎರಡು ಪಕ್ಕಕ್ಕೂ ಎಸೆದ ಹಾಗೆ ಕೇಳುತ್ತದೆ.

ಆಗ ಹೊಳೆದದ್ದು ಸವ್ಯಸಾಚಿ. ಸವ್ಯ ಅಂದರೆ ಎಡ. ಎಡಗೈಯಲ್ಲೂ ಬಾಣ ಬಿಡಬಲ್ಲವನು ಎಂದು ಅರ್ಜುನನಿಗೆ ಆ ಹೆಸರು. ಸ್ಪರ್ಧೆಗೆ ಹೇಳಿ ಮಾಡಿಸಿದಂತಿದೆ. ಆದರೆ ಇವತ್ತು ಸವ್ಯಸಾಚಿ ಅಂದರೆ ಯಾರಿಗೆ ಕೈ ನೆನಪಾಗುತ್ತದೆ? ನಟನೆ, ನಿರ್ದೇಶನ, ಹಾಡು ಎಲ್ಲ ಬಲ್ಲವನು ಎಂದೇ ಅರ್ಥ ಓಡುತ್ತಿದೆ. ಆ ಅರ್ಥದಲ್ಲಿ ಲೆಮ್ಮಿಂಗ್ ಪಕ್ಕಾ ಸವ್ಯಸಾಚಿ. 1900ರ ಪ್ಯಾರಿಸಿನಲ್ಲಿ ಎತ್ತರ ಜಿಗಿತ, ಕೋಲು ಜಿಗಿತ, ಹ್ಯಾಮರ್ ಎಸೆತಕ್ಕೆಲ್ಲ ಇಳಿದಿದ್ದ. ಅಥೆನ್ಸಿನಲ್ಲಿ ಗುಂಡು ಎಸೆತ, ಪೆಂಟಾಥ್ಲಾನ್ (ಐದು ಆಟ ಸೇರಿದ ಸ್ಪರ್ಧೆ), ಹಗ್ಗಜಗ್ಗಾಟ ಮೂರರಲ್ಲೂ ಕಂಚು ತಂದ. ಹಳೇ ಅರ್ಥಕ್ಕೆ, ಅಂದರೆ 1912ರ ಆ ಎರಡು ಕೈ ಸ್ಪರ್ಧೆಗೆ ಬಂದರೆ ಮಾತ್ರ ನಾಲ್ಕನೆಯವನು! ಮೊದಲ ಮೂರು ಸ್ಥಾನ ಫಿನ್‌ಲೆಂಡಿನವರೇ ಹೊಡೆದುಕೊಂಡರು. ಗೆದ್ದ ಯುಹೊ ಸಾರಿಸ್ಟೊ ಬಲಗೈಯಲ್ಲಿ 61.00, ಎಡಗೈಯಲ್ಲಿ 48.42, ಒಟ್ಟು 109.42 ಮೀಟರ್ ಎಸೆದ. ಒಂದೇ ಕೈಯ ಸ್ಪರ್ಧೆಯಲ್ಲಿ ಲೆಮ್ಮಿಂಗ್‌ಗೆ ಚಿನ್ನ ಕೊಟ್ಟ ಎಸೆತ 60.64. ಸಾರಿಸ್ಟೊನ ಬಲಗೈ ಅದನ್ನೂ ದಾಟಿತ್ತು. ಲೆಮ್ಮಿಂಗ್ ಸುಮ್ನಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 62.32 ಎಸೆದ. ಈಟಿ ಎಸೆತದ ಮೊದಲ ಅಧಿಕೃತ ವಿಶ್ವದಾಖಲೆ ಅದು.

ಹಾಗಾಗಿ ಒಂದೇ ಪ್ಯಾರಾದಲ್ಲಿ ಸವ್ಯಸಾಚಿ ಪದವನ್ನು ಎರಡೂ ಅರ್ಥಕ್ಕೆ ಬಳಸಿದರೆ ಓದುಗರು ನನ್ನನ್ನೇ ಎಸೆಯುತ್ತಾರೆ.

ಇನ್ನೊಂದು ತೊಡಕೂ ಇದೆ. ಮಾಮೂಲಿ ಸ್ಪರ್ಧೆಯನ್ನು ಆಗಿನ ಇಂಗ್ಲಿಷ್ ವರದಿ ‘ಅತ್ಯುತ್ತಮ ಕೈ’ಯ ಎಸೆತ ಎಂದು ಕರೆದಿದೆ. ಹಾಗೆ ಬರೆದರೆ ಕನ್ನಡದಲ್ಲಿ ಕೈಗೇ ಬಹುಮಾನ ಕೊಟ್ಟಂತಿರುತ್ತದೆ. ‘ವಾಟದ ಕೈ’ ಅನ್ನಬಹುದೇ? ನಮ್ಮ ಮನೆಯಲ್ಲಿ "ಯಾವ ಕೈ ವಾಟವೋ ಅದರಲ್ಲಿ ಹಿಡಿ" ಅನ್ನುತ್ತೇವೆ. ನಿಮ್ಮ ಕಡೆ ಈ ಬಳಕೆ ಇದೆಯೇ? ಎರಡು ಕೈ ಸ್ಪರ್ಧೆಗೆ ಸದ್ಯಕ್ಕೆ ‘ಕೈ ಬದಲಿಸಿ ಎಸೆತ’ ಎಂದು ಹಾಕಿಟ್ಟಿದ್ದೇನೆ. ಇದಕ್ಕಿಂತ ಚುರುಕಾದ ಮಾತು ಹೊಳೆದರೆ ತಿಳಿಸಿ.